ಫೀಡ್ ಅಂದ್ರೆ ಯಾರು ಯಾರಿಗೆ ತಿನ್ನಿಸೋದು?

ಹೋದ ವಾರ ಕಲಬುರಗಿ ಗಂಜ್‌ನ ಒಂದು ಅಡತ್ ಅಂಗಡಿಯಲ್ಲಿ ಕೂತಿದ್ದೆ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ತೊಗರಿ ರೇಟು ದಪ್ಪಕ್ಷರದಲ್ಲಿ ಕಾಣುತ್ತಿತ್ತು. ಯಾವ ಫೀಡ್ ಇದು ಅಂತ ಕೇಳಿದೆ. ‘ದಿನಾ ಮುಂಜಾನಿ ನಾನೇ ಫೀಡ್ ಮಾಡ್ತೀನ್ರೀ ಸರ್’ ಎಂದ ಅಲ್ಲಿಯ ಹುಡುಗ. ಅವತ್ತು ಮರೆತಿದ್ದ. ಪರದೆ ಮೇಲಿದ್ದದ್ದು ಮೊನ್ನೆಯ ರೇಟು, ಅದೂ ವಾಲ್‌ಪೇಪರ್ ಮೇಲೆ ಬರೆದದ್ದು.

ಈ ಉತ್ತರ ಕೇಳಿದ್ದು ಎಷ್ಟನೇ ಸಲವೋ. ಹುಡುಗನದೇನೂ ತಪ್ಪಿಲ್ಲ, ಪದವೇ ದಾರಿ ತಪ್ಪಿಸುತ್ತದೆ. ನಮ್ಮ ಮಾತಿನಲ್ಲಿ ‘ಫೀಡ್ ಮಾಡು’ ಅಂದರೆ ಕೈಯಾರೆ ಒತ್ತಿ ತುಂಬುವುದು. ‘ನಂಬರ್ ಫೀಡ್ ಮಾಡ್ಕೊಳ್ರಿ’ ಅಂತೀವಲ್ಲ, ಅದು. ಇಂಗ್ಲಿಷಿನ ಫೀಡ್‌ಗೂ ಫುಡ್‌ಗೂ ಒಂದೇ ಬೇರು. ಉಣಿಸು, ಮೇವು ಹಾಕು ಅಂತ ಅರ್ಥ. ಕೋಳಿ ಸಾಕುವವರು ‘ಫೀಡ್ ಚೀಲ’ ಅನ್ನುವಾಗ ಪದ ತವರಲ್ಲೇ ಇದೆ. ಆಮೇಲೆ ಯಂತ್ರದ ಬಾಯಿಗೆ ಕಾಗದ ಕೊಡುವುದೂ ಫೀಡ್ ಆಯಿತು, ಅಂಕಿ ಕೊಡುವುದೂ ಫೀಡ್ ಆಯಿತು. ನಾವು ಹಿಡಿದುಕೊಂಡದ್ದು ಈ ಕೊನೆಯದನ್ನು.

ಡೆಸ್ಕ್‌ಟಾಪ್ ವಿಜೆಟ್‌ನ, ಅಂದರೆ ಪರದೆ ಮೇಲೆ ಸದಾ ತೆರೆದಿದ್ದು ಬೇಕಾದ ಮಾಹಿತಿ ತೋರಿಸುವ ಪುಟ್ಟ ಕಿಟಕಿಯ, ಮಾತು ಬಂದಾಗ ಫೀಡ್ ಅಂದರೆ ಕೆಲಸವಲ್ಲ, ವಸ್ತು. ಗೋದಲಿ ಅಂದುಕೊಳ್ಳಿ. ಮೇವು ಹಾಕುವವರು ಹಾಕಿಟ್ಟು ಹೋಗುತ್ತಾರೆ. ಹಸಿದ ದನ ತಾನೇ ಬಂದು ಬಾಯಿ ಹಾಕುತ್ತದೆ. ಫೀಡ್ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಅದು ಒಂದು ವಿಳಾಸದಲ್ಲಿ ಸುಮ್ನೆ ಬಿದ್ದಿರುವ ಬರಹ. ವಿಜೆಟ್ ಆಗಾಗ ಅಲ್ಲಿಗೆ ಹೋಗಿ ಹೊಸದೇನಿದೆ ಅಂತ ನೋಡಿ ಬರಬೇಕು. ಹತ್ತು ನಿಮಿಷಕ್ಕೊಮ್ಮೆ ನೋಡುವುದನ್ನು ‘ಲೈವ್’ ಅಂತ ಕರೆಯುವವರೂ ಇದ್ದಾರೆ. ಅವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ.

ಫೀಡ್‌ಗಳಲ್ಲಿ ಹೆಸರುವಾಸಿಯಾದದ್ದು ಆರ್‌ಎಸ್‌ಎಸ್. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿತು. ಆ ಮೂರಕ್ಷರದ ಬಿಡಿಸಿದ ರೂಪ ಎರಡು ಸಲ ಬದಲಾಗಿ, 2002ರ ಹೊತ್ತಿಗೆ ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಆಯಿತು. ಒಳಗಿರುವುದು ಇಷ್ಟೇ: ಒಂದೊಂದು ಸುದ್ದಿಗೂ ತಲೆಬರಹ, ಕೊಂಡಿ, ಚಿಕ್ಕ ಸಾರಾಂಶ, ತಾರೀಖು. ಬಣ್ಣ ಇಲ್ಲ, ಜಾಹೀರಾತಿನ ಗದ್ದಲ ಇಲ್ಲ. ಓದುವುದು ಯಂತ್ರವಾದ್ದರಿಂದ ಅಂದಚೆಂದ ಬೇಕಿಲ್ಲ. ಈಗ ಇದೇ ಕೆಲಸಕ್ಕೆ ಜೇಸನ್ ಎಂಬ, ಯಂತ್ರ ಓದಲೆಂದೇ ಇರುವ ಇನ್ನೊಂದು ಬರಹದ ರೂಪ ಜಾಸ್ತಿ.

ವಿಜೆಟ್ ಪದಕ್ಕೆ ಇಷ್ಟು ಕುಲಗೋತ್ರ ಇಲ್ಲ. 1924ರ ಒಂದು ಅಮೆರಿಕನ್ ನಾಟಕದಲ್ಲಿ, ಕಾರ್ಖಾನೆಯಲ್ಲಿ ತಯಾರಾಗುವ ಎಂಥದೋ ಒಂದು ವಸ್ತುವಿಗೆ ಆ ಹೆಸರು ಬಂತು. ಏನದು ಅಂತ ಯಾರಿಗೂ ಬೇಕಾಗಿರಲಿಲ್ಲ. 2005ರಲ್ಲಿ ಆಪಲ್‌ನ ಡ್ಯಾಶ್‌ಬೋರ್ಡ್ ಬಂದ ಮೇಲೆ ಕಂಪ್ಯೂಟರ್ ಪರದೆಯ ವಿಜೆಟ್ ಮನೆಮಾತಾಯಿತು. ಡೆಸ್ಕ್‌ಟಾಪ್ ಮೇಲಿನ ಐಕಾನ್ ವಿಜೆಟ್ ಅಲ್ಲ. ರೇಟು ಬರೆದ ವಾಲ್‌ಪೇಪರ್ ಅಂತೂ ಖಂಡಿತಾ ಅಲ್ಲ.

ಆ ಹುಡುಗನಿಗೆ ಬೇಕಾದದ್ದು ಬಿಟ್ಟಿ ಸಿಗುತ್ತದೆ. ಸರ್ಕಾರದ ಡೇಟಾ ಡಾಟ್ ಗೌ ಡಾಟ್ ಇನ್ (data.gov.in) ತಾಣದಲ್ಲಿ ದೇಶದ ಮಂಡಿಗಳ ದಿನದ ಧಾರಣೆಯ ಫೀಡ್ ಇದೆ. ನೋಂದಾಯಿಸಿಕೊಂಡರೆ ಒಂದು ಕೀ, ಅಂದರೆ ಫೀಡ್ ಓದಲು ಬೇಕಾದ ಗುಟ್ಟಿನ ಅಕ್ಷರಸಾಲು, ಕೊಡುತ್ತಾರೆ. ವಿಂಡೋಸ್‌ನಲ್ಲಿ ರೇನ್‌ಮೀಟರ್ ಎಂಬ ವಿಜೆಟ್ ತಂತ್ರಾಂಶ ಹಾಕಿಕೊಂಡರೆ, ಅದರ ವೆಬ್‌ಪಾರ್ಸರ್ ಎಂಬ ಭಾಗ ಆ ಫೀಡ್‌ನ ವಿಳಾಸಕ್ಕೆ ಹೋಗಿ ಬೇಕಾದ ಸಾಲನ್ನಷ್ಟೇ ಕಿತ್ತು ತರುತ್ತದೆ. ಬೇರೆ ಹೇಳದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಹೋಗುತ್ತದೆ. ದಿನಕ್ಕೊಮ್ಮೆ ಬದಲಾಗುವ ರೇಟಿಗೆ ಅಷ್ಟು ಓಡಾಟ ಯಾಕೆ, ಗಂಟೆಗೊಮ್ಮೆ ಸಾಕು. ಇದನ್ನೆಲ್ಲ ರೇನ್‌ಮೀಟರ್‌ಗೆ ಹೇಳಲು ಬರೆದ ಕಡತವನ್ನು ಯುಟಿಎಫ್-16 ಎಲ್‌ಇ (ಕನ್ನಡ ಅಕ್ಷರಗಳನ್ನೂ ಹಿಡಿಯುವ ಒಂದು ಸಂಕೇತ ಪದ್ಧತಿ) ಆಗಿ ಉಳಿಸಿ. ಇಲ್ಲದಿದ್ದರೆ ‘ತೊಗರಿ’ ಇರಬೇಕಾದ ಕಡೆ ಅರ್ಥವಿಲ್ಲದ ಗುರುತುಗಳು ಬರುತ್ತವೆ.

ಆ ಫೀಡ್‌ನಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ಬೆಲೆ ಇರುತ್ತವೆ. ಹೆಚ್ಚು ಮಾಲು ಮಾರಿದ ಬೆಲೆ ಮೋಡಲ್, ಅದನ್ನೇ ತೋರಿಸಿ. ಪಕ್ಕದಲ್ಲಿ ಆವಕದ ತಾರೀಖನ್ನೂ ಹಾಕಿ. ಗಂಜ್ ಬಂದ್ ಇದ್ದ ದಿನ ಗೋದಲಿಗೆ ಹೊಸ ಮೇವು ಬೀಳುವುದಿಲ್ಲ. ತಾರೀಖಿಲ್ಲದ ವಿಜೆಟ್ ಆಗಲೂ ಮೊನ್ನೆಯ ರೇಟನ್ನೇ ಇವತ್ತಿನದು ಅನ್ನೋ ಹಾಗೆ ತೋರಿಸುತ್ತಿರುತ್ತದೆ, ಥೇಟ್ ಆ ಹುಡುಗನ ವಾಲ್‌ಪೇಪರ್ ಹಾಗೆ.