ಹೆರೊಡೋಟಸ್‌ನ ಗ್ರೀಕ್: ವ್ಯಾಕರಣ ಕಲಿತವರೂ ಎಡವುವುದೇಕೆ?

ಎರಡು ವರ್ಷ ಗ್ರೀಕ್ ವ್ಯಾಕರಣ ಉರು ಹೊಡೆದವರೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಗ್ರಂಥವನ್ನು ಮೂಲದಲ್ಲಿ ತೆರೆದರೆ ಮೊದಲ ಸಾಲಿನ ಮೂರನೇ ಪದದಲ್ಲೇ ಎಡವುತ್ತಾರೆ. ಕಲಿತದ್ದು 'ಹಿಸ್ತೊರಿಆಸ್' (ವಿಚಾರಣೆಯ), ಪುಟದಲ್ಲಿರುವುದು 'ಹಿಸ್ತೊರಿಏಸ್'. ಅಚ್ಚಿನ ತಪ್ಪಲ್ಲ. ಪಾಠ ಅಥೆನ್ಸಿನ ಆಟಿಕ್ ಗ್ರೀಕಿನದು, ಗ್ರಂಥ ಅಯೋನಿಕ್ ಉಪಭಾಷೆಯದು.

ಹೆರೊಡೋಟಸ್ ಹುಟ್ಟಿದ ಹಲಿಕರ್ನಾಸಸ್, ಅಂದರೆ ಇಂದಿನ ಟರ್ಕಿಯ ಬೋದ್ರುಮ್, ಡೋರಿಕ್ ಎಂಬ ಬೇರೆ ಉಪಭಾಷೆಯ ಡೋರಿಯನ್ ಗ್ರೀಕರು ಕಟ್ಟಿದ ಊರು. ಆದರೂ ಕ್ರಿ.ಪೂ. 5ನೇ ಶತಮಾನದಲ್ಲಿ ಇತಿಹಾಸದಂಥ ಗದ್ಯಕ್ಕೆ ಒಗ್ಗಿದ್ದ ಭಾಷೆ ಅಯೋನಿಕ್. ಆ ಬರವಣಿಗೆ ಬೆಳೆದದ್ದೇ ಏಷ್ಯಾ ಕರಾವಳಿಯ ಅಯೋನಿಯನ್ ಊರು ಮಿಲೇಟಸ್ ಕಡೆ. ಆಮೇಲೆ ಅಥೆನ್ಸಿನ ಕೈ ಮೇಲಾಯಿತು. ರೋಮನ್ನರ ಕಾಲದ ಮೇಷ್ಟರುಗಳು ಆಟಿಕ್ಕೇ ಶುದ್ಧವೆಂದರು, ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಅದನ್ನೇ ಪಾಲಿಸಿತು, ಇಂದಿನ ಪಠ್ಯಪುಸ್ತಕಗಳೂ ಅದೇ ಜಾಡಿನವು. ಪೆಟ್ಟು ಹಸ್ತಪ್ರತಿಗಳಿಗೂ ಬಿದ್ದಿದೆ: ಲಿಪಿಕಾರರು ಕೆಲವೆಡೆ ಆಟಿಕ್‌ಗೆ ತಿದ್ದಿದರು, ಕೆಲವೆಡೆ ಅತಿ ಉತ್ಸಾಹದಲ್ಲಿ ಇಲ್ಲದ ಅಯೋನಿಕ್ ರೂಪ ತುರುಕಿದರು. ಮೂಲವನ್ನು ಮೊದಲು ಅಚ್ಚುಹಾಕಿದವನು ವೆನಿಸ್ಸಿನ ಆಲ್ದಸ್ ಮನೂಷಿಯಸ್, 1502ರಲ್ಲಿ. ಲೊರೆಂಜೊ ವಲ್ಲಾನ ಲ್ಯಾಟಿನ್ ಅನುವಾದ ಅಷ್ಟರೊಳಗೆ ಅಚ್ಚಾಗಿ 28 ವರ್ಷ.

ಓದು ಶುರು ಮಾಡಲು 1ನೇ ಪುಸ್ತಕದ 6ನೇ ಅಧ್ಯಾಯ ವಾಸಿ. ಲಿಡಿಯದ ದೊರೆ ಕ್ರೀಸಸ್‌ನ ಕಥೆ, ವಾಕ್ಯಗಳು ಸಲೀಸು. ಅಲ್ಲಿ 'ಎಥ್‌ನೆಓನ್' (ಜನಾಂಗಗಳ) ಸಿಗುತ್ತದೆ. ಆಟಿಕ್ ಇದನ್ನು ಸಂಧಿ ಮಾಡಿ 'ಎಥ್‌ನೋನ್' ಎನ್ನುತ್ತದೆ, ಅಯೋನಿಕ್ ಸ್ವರಗಳನ್ನು ಬಿಡಿಯಾಗಿಯೇ ಬಿಡುತ್ತದೆ. 'ಹ'ಕಾರದ್ದು ಇನ್ನೊಂದು ಪಾಡು. ನಮ್ಮ ಹಳ್ಳಿಗಳಲ್ಲಿ ಹಾಲು 'ಆಲು' ಆಗುವಂತೆ ಏಷ್ಯಾ ಕರಾವಳಿಯ ಅಯೋನಿಕ್‌ನಲ್ಲಿ ಅದು ಉದುರಿಹೋಗಿತ್ತು. ಆಟಿಕ್‌ನಲ್ಲಿ 'ಅಪ್', 'ಹಿಕ್' ಸೇರಿ 'ಅಫಿಕ್' (ತಲುಪು). ಹೆರೊಡೋಟಸ್‌ನಲ್ಲಿ ಬರೀ 'ಅಪಿಕ್'. ನಿಘಂಟಿನಲ್ಲಿ ಅದನ್ನು 'ಅಫ' ಎಂದು ಶುರುವಾಗುವ ಪದಗಳಲ್ಲಿ ಹುಡುಕಬೇಕು. ಹಾಗೆಯೇ 'ಕೋಸ್' (ಹೇಗೆ) ಸಿಗದಿದ್ದರೆ 'ಪೋಸ್' ನೋಡಿ.

ನಿಜವಾದ ಗುಂಡಿ ಎಂದರೆ ಗುರುತಿನ ವೇಷದಲ್ಲಿ ಬರುವ ಪದಗಳು. 'ಓನ್' ಆಟಿಕ್‌ನಲ್ಲಿ 'ಇರುವವನು'; ಇಲ್ಲಿ 'ಹಾಗಾಗಿ'. ಇರುವವನಿಗೆ ಇಲ್ಲಿ 'ಎಓನ್'. ಬರಹದಲ್ಲಿ ಎರಡು 'ಓನ್'ಗಳಿಗಿರುವ ವ್ಯತ್ಯಾಸ ಅಕ್ಷರದ ಮೇಲೆ ದನಿಯ ಏರಿಳಿತ ತೋರಿಸುವ ಚಿಹ್ನೆ (ಆಕ್ಸೆಂಟ್) ಒಂದೇ. ಅದನ್ನು ಹಾರಿಸಿ ಓದುವ ಅಭ್ಯಾಸವಿದ್ದವರು ಪೂರ್ತಿ ವಾಕ್ಯ ಕೆಡಿಸಿಕೊಳ್ಳುತ್ತಾರೆ.

'ತೊನ್' ಇನ್ನೂ ಕಿಲಾಡಿ. ಪಾಠದ ಪ್ರಕಾರ ಅದು ನಾಮಪದದ ಮುಂದೆ ಬರುವ ಉಪಪದ (ಇಂಗ್ಲಿಷಿನ 'the' ಥರದ್ದು). 1ನೇ ಪುಸ್ತಕದ 5ನೇ ಅಧ್ಯಾಯದಲ್ಲಿ 'ತೊನ್ ದೆ ಓಯ್ದ' ಎಂದಿದೆ. ಜೊತೆಗೆ ನಾಮಪದವಿಲ್ಲ, ಕ್ರಿಯಾಪದವಿದೆ. ಹಾಗಿದ್ದರೆ ಅದು 'ಯಾವನನ್ನು' ಎಂದರ್ಥ. ಗ್ರೀಕರಿಗೆ ಮೊದಲು ಅನ್ಯಾಯ ಮಾಡಿದವನೆಂದು ಯಾವನನ್ನು ನಾನೇ ಬಲ್ಲೆನೋ, ಎಂದು ಶುರುವಾದ ವಾಕ್ಯಕ್ಕೆ ಜೋಡಿ ಪದ 'ತೂತೊನ್' (ಅವನನ್ನು) 'ತೊನ್' ಆಗಿ ಹತ್ತು ಪದ ದಾಟಿದ ಮೇಲೆ ಸಿಗುತ್ತದೆ. ಅಲ್ಲಿಯವರೆಗೆ ಉಸಿರು ಹಿಡಿದಿರಬೇಕು.