ಬಿಸಿಲು ಕಾಯಿಸುವ ಓತಿ, ಹೆಪ್ಪುಗಟ್ಟುವ ಕಪ್ಪೆ

ಬೆಳಗಿನ ಎಳೆಬಿಸಿಲಿಗೆ ಕಲ್ಲಿನ ಮೇಲೆ ಕದಲದೆ ಕೂತ ಓತಿಕ್ಯಾತವನ್ನು ನೋಡಿದರೆ, ಸುಮ್ನೆ ಕೂತಿದೆ ಅನಿಸುತ್ತದೆ. ಹತ್ತಿರದಿಂದ ಗಮನಿಸಿ. ಮೈಯನ್ನು ಚಪ್ಪಟೆ ಮಾಡಿ ಬಿಸಿಲಿಗೆ ಒಡ್ಡಿರುತ್ತದೆ. ಎಷ್ಟೋ ಜಾತಿಗಳಲ್ಲಿ ಆ ಹೊತ್ತಿಗೆ ಚರ್ಮವೂ ಕಪ್ಪೇರಿರುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಜಾಸ್ತಿ ಹೀರುತ್ತದೆ ಅಲ್ವಾ? ಮೈ ಕಾದ ಮೇಲೆಯೇ ಓಡುವ, ಬೇಟೆಯಾಡುವ, ತಿಂದದ್ದನ್ನು ಅರಗಿಸಿಕೊಳ್ಳುವ ಶಕ್ತಿ ಬರುವುದು. ಬಿಸಿಲೇರಿದರೆ ಮೆಲ್ಲಗೆ ನೆರಳಿಗೆ ಸರಿಯುತ್ತದೆ.

ಇಂಥವನ್ನು ‘ಶೀತರಕ್ತ ಪ್ರಾಣಿಗಳು’ ಅಂತ ಶಾಲೆಯಲ್ಲಿ ಕಲಿತೆವು. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಬಿಸಿಲು ಕಾಯಿಸಿಕೊಂಡ ಹಲವು ಹಲ್ಲಿಗಳ ರಕ್ತ ನಮ್ಮಷ್ಟೇ, ಅಂದರೆ 37 ಡಿಗ್ರಿಯ ಆಸುಪಾಸು ಬೆಚ್ಚಗಿರುತ್ತದೆ. ನಾವು ಉಂಡದ್ದನ್ನು ಉರಿಸಿ ಮೈ ಬಿಸಿ ಮಾಡಿಕೊಳ್ಳುತ್ತೇವೆ, ಅವು ಹೊರಗಿನಿಂದ ತಂದುಕೊಳ್ಳುತ್ತವೆ. ಹಾಗಾಗಿಯೇ ಅವಕ್ಕೆ ತೀರಾ ಕಡಿಮೆ ಆಹಾರ ಸಾಕು.

ಕಪ್ಪೆಗಳ ಕಷ್ಟ ಬೇರೆ. ಅವುಗಳ ತೆಳು ಚರ್ಮದಿಂದ ನೀರು ಬೇಗ ಆರಿಹೋಗುತ್ತದೆ. ಬಿಸಿಲಲ್ಲಿ ಹೆಚ್ಚು ಹೊತ್ತು ಕೂರುವ ಹಾಗಿಲ್ಲ. ಬೇಸಿಗೆ ಬಂದರೆ ಎಷ್ಟೋ ಕಪ್ಪೆಗಳು ಮಣ್ಣೊಳಗೆ ಹೂತುಕೊಂಡು ಮಳೆಗಾಗಿ ಕಾಯುತ್ತವೆ.

ಆದರೆ ನನ್ನನ್ನು ಬೆರಗುಗೊಳಿಸುವುದು ಅಲಾಸ್ಕಾ, ಕೆನಡಾಗಳ ವುಡ್ ಫ್ರಾಗ್ ಎಂಬ ಕಪ್ಪೆ. ಚಳಿಗಾಲದಲ್ಲಿ ಅದು ತರಗೆಲೆಗಳ ಅಡಿಯಲ್ಲಿ ಮಲಗುತ್ತದೆ. ಚರ್ಮದಲ್ಲಿ ಮಂಜು ಕಟ್ಟತೊಡಗಿದ ಕೆಲವೇ ನಿಮಿಷಗಳಲ್ಲಿ ಅದರ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಸುರಿಯತೊಡಗುತ್ತದೆ. ಈ ಸಕ್ಕರೆ ಜೀವಕೋಶಗಳ ಒಳಗಿನ ನೀರನ್ನು ಹಿಡಿದಿಟ್ಟು ಕಾಪಾಡುತ್ತದೆ. ಮಂಜುಗಡ್ಡೆ ಕೋಶಗಳ ಹೊರಗಷ್ಟೇ ಬೆಳೆಯುತ್ತದೆ. ಮೈಯ ನೀರಿನಲ್ಲಿ 100ಕ್ಕೆ ಸುಮಾರು 65 ಪಾಲು ಗಡ್ಡೆಕಟ್ಟುತ್ತದೆ. ಉಸಿರಿಲ್ಲ, ಎದೆಬಡಿತವಿಲ್ಲ, ಮುಟ್ಟಿದರೆ ಕಲ್ಲು. ವಸಂತ ಬಂದಾಗ ಮಂಜು ಕರಗಿ ಮೊದಲು ಹೃದಯ ಮಿಡಿಯುತ್ತದೆ, ಆಮೇಲೆ ಉಸಿರು, ಕೊನೆಗೆ ಕಾಲುಗಳ ಅಲುಗಾಟ. ಒಂದೆರಡು ದಿನದಲ್ಲಿ ಕಪ್ಪೆ ಕುಪ್ಪಳಿಸುತ್ತದೆ!

ಇನ್ನು ಮೊಟ್ಟೆಗಳು. ಕೆಲವು ಜಾತಿಯ ಹೆಬ್ಬಾವಿನ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು, ಸ್ನಾಯುಗಳನ್ನು ನಡುಗಿಸಿ ತಾನೇ ಕಾವು ಕೊಡುತ್ತದೆ. ಕಡಲಾಮೆ ಮಾತ್ರ ಮರಳಲ್ಲಿ ಮೊಟ್ಟೆ ಹೂತು ಹೊರಟುಬಿಡುತ್ತದೆ. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಆ ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿಗಿಂತ ಬಿಸಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ 100ಕ್ಕೆ 99ರಷ್ಟು ಹೆಣ್ಣೇ ಎಂದು 2018ರ ಅಧ್ಯಯನವೊಂದು ಹೇಳಿತು. ಓದಿದಾಗ ನಿಜಕ್ಕೂ ಕಳವಳವಾಯಿತು. ಓತಿ ನೆರಳಿಗೆ ಸರಿದೀತು, ಮೊಟ್ಟೆ ಸರಿಯಲಾರದು. ಹಾಗಾಗಿ ಕೆಲವು ತೀರಗಳಲ್ಲಿ ಗೂಡಿನ ಮೇಲೆ ಚಪ್ಪರ ಕಟ್ಟಿ, ನೀರು ಚಿಮುಕಿಸಿ, ಮರಳನ್ನು ತಂಪಾಗಿಡಲು ಜನ ಪ್ರಯತ್ನಿಸುತ್ತಿದ್ದಾರೆ.