ಕಥೆಯಲ್ಲಿ ‘ನಾನು’ ಅಂತ ಇದ್ದರೆ ಅದು ಲೇಖಕರೇ ಅಲ್ವಾ?

ಓದುಗರ ಪ್ರಶ್ನೆ: ಕಥೆಯಲ್ಲಿ ‘ನಾನು ಅಲ್ಲಿಗೆ ಹೋದೆ, ನಾನು ಹೀಗೆ ಮಾಡಿದೆ’ ಅಂತ ಇದ್ದರೆ ಅದು ಬರೆದವರಿಗೇ ಆದ ಅನುಭವ ತಾನೇ? ಮತ್ತೆ ‘ನಿರೂಪಕ’ ಅಂತ ಬೇರೆ ಒಬ್ಬನನ್ನು ಯಾಕೆ ಹೇಳುತ್ತಾರೆ?

ಉತ್ತರ: ಹಾಗೇ ಆಗಬೇಕು ಅಂತೇನಿಲ್ಲ. ಪುಸ್ತಕದ ಮೇಲೆ ಹೆಸರಿರುವವರು ಲೇಖಕರು. ಕಥೆಯೊಳಗೆ ಕೂತು ನಮಗೆ ಕಥೆ ಹೇಳುವವನು ನಿರೂಪಕ. ಉಳಿದ ಪಾತ್ರಗಳ ಹಾಗೆ ಅವನನ್ನೂ ಲೇಖಕರೇ ಕಟ್ಟಿರುತ್ತಾರೆ.

ಮಾಸ್ತಿಯವರ ‘ರಂಗನ ಮದುವೆ’ ನೋಡಿ. ಬೆಂಗಳೂರಲ್ಲಿ ಓದಿ ಹೊಸಹಳ್ಳಿಗೆ ವಾಪಸ್ ಬಂದ ರಂಗನಿಗೆ ಮದುವೆ ಮಾಡಿಸುವ ಕಥೆ ಅದು. ಹೇಳುವವನು ಶ್ಯಾಮ, ರಂಗನಿಂದ ನಮಸ್ಕಾರ ಮಾಡಿಸಿಕೊಂಡು ‘ಬೇಗ ಮದುವೆಯಾಗಲಿ’ ಅಂತ ಹರಸುವಷ್ಟು ಹಿರಿಯ. ಮಾಸ್ತಿ ಹುಟ್ಟಿದ್ದು 1891ರಲ್ಲಿ, ಕಥೆ ಬರೆದದ್ದು 1910ರ ಸುಮಾರಿಗೆ. ಅಂದರೆ ಬರೆಯುವಾಗ ಅವರೇ ಹೆಚ್ಚುಕಡಿಮೆ ರಂಗನ ವಯಸ್ಸಿನ ಹುಡುಗ! ಊರಿನ ಹಿರಿಯನ ದನಿಯನ್ನು ಬೇಕು ಅಂತಲೇ ಹಾಕಿಕೊಂಡಿದ್ದಾರೆ. ಇನ್ನೊಂದು ತಮಾಷೆ ಇದೆ. ರಂಗ ಮೆಚ್ಚಿದ ಹುಡುಗಿಗೆ ಆಗಲೇ ಮದುವೆಯಾಗಿದೆ ಅಂತ ಶ್ಯಾಮ ರಂಗನಿಗೆ ಹಸಿ ಸುಳ್ಳು ಹೇಳುತ್ತಾನೆ, ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಏನು ಹೇಳಬೇಕು ಅಂತ ಮೊದಲೇ ಪಾಠ ಮಾಡಿ ಬರುತ್ತಾನೆ, ಮತ್ತೆ ಅದನ್ನೆಲ್ಲ ನಮ್ಮ ಮುಂದೆ ಖುಷಿಯಿಂದ ಒಪ್ಪಿಕೊಳ್ಳುತ್ತಾನೆ. ಈ ಕಿತಾಪತಿಯನ್ನೆಲ್ಲ ಮಾಸ್ತಿಯವರ ತಲೆಗೆ ಕಟ್ಟೋಕಾಗುತ್ತಾ?

ನಿರೂಪಕ ಬೇರೆ ಅಂತ ಗೊತ್ತಾದ ಮೇಲೆ ಓದುವ ರೀತಿಯೇ ಬದಲಾಗುತ್ತದೆ. ಅವನು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇದಕ್ಕೆ ಒಳ್ಳೇ ಉದಾಹರಣೆ. ಅಲ್ಲಿನ ‘ನಾನು’ಗೆ ಹೆಸರೇ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಲ್ಲಿ ಮನೆ ನಡೆಯುತ್ತದೆ, ಇವನಿಗೆ ಹೇಳಿಕೊಳ್ಳುವಂಥ ಕೆಲಸ ಇಲ್ಲ, ಕಾಫಿ ಹೌಸ್‌ಗೆ ಹೋಗಿ ಕೂರುತ್ತಾನೆ. ಮಾತು ತುಂಬಾ ಮೆದು. ಮನೆ ಬಾಗಿಲಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಇವನು ತಡೆಯುವುದಿಲ್ಲ. ಅದನ್ನೂ ಅದೇ ಮೆದು ದನಿಯಲ್ಲಿ ಹೇಳುತ್ತಾನೆ ನೋಡಿ, ಆಗ ನಮಗೆ ಅನುಮಾನ ಶುರುವಾಗುತ್ತದೆ: ಇವನು ನಡೆದದ್ದು ಹೇಳುತ್ತಿದ್ದಾನೋ, ತನ್ನನ್ನು ತಾನು ಬಚಾವ್ ಮಾಡಿಕೊಳ್ಳುತ್ತಿದ್ದಾನೋ? ಇಂಥವನನ್ನು ವಿಮರ್ಶಕರು ‘ನಂಬಲರ್ಹನಲ್ಲದ ನಿರೂಪಕ’ ಅನ್ನುತ್ತಾರೆ. ಹೆಸರು ಉದ್ದ, ವಿಷಯ ಸುಲಭ.

ನಿರೂಪಕ ಸುಳ್ಳನೇ ಆಗಬೇಕಿಲ್ಲ, ಏನೂ ಗೊತ್ತಿಲ್ಲದವನೂ ಆಗಬಹುದು. ಎಂಟು ವರ್ಷದ ಹುಡುಗ ಹೀಗೆ ಹೇಳುತ್ತಾನೆ ಅಂದುಕೊಳ್ಳಿ: ‘ಅಮ್ಮನಿಗೆ ಇವತ್ತೂ ಹಸಿವಿರಲಿಲ್ಲ. ನನಗೂ ತಂಗಿಗೂ ಬಡಿಸಿ, ಪಾತ್ರೆ ಕೆರೆದು, ನೀರು ಕುಡಿದು ಮಲಗಿದಳು.’ ಅಕ್ಕಿ ಮುಗಿದಿದೆ ಅಂತ ಹುಡುಗನಿಗೆ ಹೊಳೆದಿಲ್ಲ, ನಮಗೆ ಹೊಳೆಯುತ್ತದೆ. ಇದನ್ನೇ ಲೇಖಕರು ನೇರವಾಗಿ ‘ಮನೆಯಲ್ಲಿ ಬಡತನವಿತ್ತು’ ಅಂತ ಬರೆದಿದ್ದರೆ ಸಪ್ಪೆ.

‘ಅವನು’, ‘ಅವಳು’ ಅಂತ ಸಾಗುವ ಕಥೆಯಲ್ಲೂ ನಿರೂಪಕ ಇರುತ್ತಾನೆ, ಮೈ ಕಾಣಿಸುವುದಿಲ್ಲ ಅಷ್ಟೇ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅವನು ಹೆಚ್ಚಾಗಿ ಮುಖ್ಯ ಪಾತ್ರವಾದ ಪ್ರಾಣೇಶಾಚಾರ್ಯರ ಬೆನ್ನು ಹತ್ತಿರುತ್ತಾನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಯಾರೊಬ್ಬರಿಗೂ ಅಂಟಿಕೊಳ್ಳದೆ ಇಡೀ ಮಲೆನಾಡು ಸುತ್ತುತ್ತಾನೆ, ಗುತ್ತಿಯ ನಾಯಿ ಹುಲಿಯನನ್ನೂ ಬಿಡುವುದಿಲ್ಲ. ಎಲ್ಲ ಬಲ್ಲ ಇಂಥವನಿಗೆ ಸರ್ವಜ್ಞ ನಿರೂಪಕ ಅನ್ನುತ್ತಾರೆ.

ಹಾಗಂತ ಲೇಖಕರ ಬದುಕು ಕಥೆಯಲ್ಲಿ ಬರುವುದೇ ಇಲ್ಲ ಅಂತಲ್ಲ, ಧಾರಾಳವಾಗಿ ಬರುತ್ತದೆ. ಆದರೆ ಅದಕ್ಕೆ ಕಥೆಯ ಹೊರಗಿನ ಆಧಾರ ಬೇಕು, ‘ನಾನು’ ಅಂತ ಬರೆದಿದ್ದಾರೆ ಅನ್ನುವುದೊಂದೇ ಸಾಲದು. ಪರೀಕ್ಷೆಗೆ ಓದುತ್ತಿರುವವರು ‘ಲೇಖಕರು ರಂಗನಿಗೆ ಸುಳ್ಳು ಹೇಳಿದರು’ ಅಂತ ಬರೆಯಬೇಡಿ, ‘ನಿರೂಪಕ ಶ್ಯಾಮ ಸುಳ್ಳು ಹೇಳುತ್ತಾನೆ’ ಅಂತ ಬರೆಯಿರಿ. ಆತ್ಮಕಥೆಯ ಲೆಕ್ಕ ಬೇರೆ. ಅಲ್ಲಿ ‘ನಾನು’ ಅಂದರೆ ನಾನೇ ಅಂತ ಲೇಖಕರೇ ಒಪ್ಪಿಕೊಂಡಿರುತ್ತಾರೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಧೈರ್ಯವಾಗಿ ಅವರನ್ನೇ ಕೇಳಬಹುದು.